ಮತ್ತೆ ಮೂರನೇ ಸೆಮಿಸ್ಟರ್

ಅಕ್ಟೋಬರ್ ೧೨, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕ,

ನಮಸ್ಕಾರ. ನೀನೂ ಭಾವನೂ ಆರಾಮವಾಗಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ನಿನ್ನ ಎರಡು ಕಾಗದಗಳು ಮೇಜಿನ ಮೇಲೆ ಕೂತು ನನ್ನನ್ನೇ ದುರುಗುಟ್ಟಿಕೊಂಡು ನೋಡುತ್ತಿವೆ. ಎರಡನೆಯದರಲ್ಲಿ "ಬದುಕಿದ್ದೀಯೋ ಇಲ್ಲವೋ ಒಂದು ಸಾಲು ಗೀಚು" ಎಂದಿದ್ದೀಯ. ಬದುಕಿದ್ದೇನೆ, ಅಕ್ಕ. ತಪ್ಪಾಯಿತು. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದ ಮೇಲೆ ಅಂಗಡಿ, ಸಂಜೆ ಮನೆ. ಪೆನ್ನು ಕೈಗೆ ಬಂದರೆ ಅದು ನೋಟ್ಸ್ ಬರೆಯುವುದಕ್ಕೇ ಖರ್ಚಾಗಿಬಿಡುತ್ತದೆ.

ಫೋನ್ ಮಾಡಬಹುದಿತ್ತು ನಿಜ. ಆದರೆ ಜೂನ್ ತಿಂಗಳಲ್ಲಿ ಏನಾಯಿತು ಹೇಳು? ನಾನು "ಕಾಲೇಜಿಗೆ ಸೇರಿದೆ" ಎಂದು ಮೂರು ಸಲ ಕಿರುಚಿದೆ. ನೀನು "ಕಾಲಿಗೆ ಏನಾಯ್ತೇ?" ಎಂದು ಗಾಬರಿಬಿದ್ದು ಮಂಡಿನೋವಿನ ಎಣ್ಣೆ ಕಳಿಸಿದೆ. ಎಣ್ಣೆಯೇನೋ ಚೆನ್ನಾಗಿತ್ತು, ಇಸ್ತ್ರಿ ಮಾಡಿ ಮಾಡಿ ನೋಯುವ ಭುಜಕ್ಕೆ ನಮ್ಮ ಮನೆಯವರು ಹಚ್ಚಿಕೊಂಡು ಖಾಲಿ ಮಾಡಿದರು. ಭಾವ ನಿನ್ನ ಕಿವಿಯ ಹತ್ತಿರ ಬಾಯಿಟ್ಟು, ಮೂವತ್ತೊಂದು ವರ್ಷದ ಹಿಂದೆ ನಾನು ಅರ್ಧಕ್ಕೆ ಬಿಟ್ಟ ಅದೇ ಕಾಲೇಜು, ಅದೇ ರಸಾಯನಶಾಸ್ತ್ರ ಎಂದು ಬಿಡಿಸಿ ಹೇಳಿದ ಮೇಲೆ ನೀನು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಕಿವಿ ಕೇಳಿಸದವರ ಮೌನ ಎಂದುಕೊಂಡೆ.

ಇರಲಿ, ನನ್ನ ಕಾಲೇಜಿನ ಕಥೆ ಕೇಳು. ಬಿಟ್ಟವರು ಬಿಟ್ಟಲ್ಲಿಂದಲೇ ಓದಬಹುದು ಎಂದು ಈಗ ಹೊಸ ನಿಯಮ ಬಂದಿದೆ. ಹಾಗಾಗಿ ನನ್ನನ್ನು ನೇರವಾಗಿ ಮೂರನೇ ಸೆಮಿಸ್ಟರಿಗೇ ಸೇರಿಸಿಕೊಂಡರು. ಎಡವಟ್ಟಾಗಿದ್ದು ಅಲ್ಲೇ. ಮೊದಲ ವರ್ಷವಾಗಿದ್ದರೆ ಎಲ್ಲರೂ ಹೊಸಬರು. ಮೂರನೆಯದಕ್ಕೆ ಬರುವಷ್ಟರಲ್ಲಿ ಮಕ್ಕಳೆಲ್ಲ ಗುಂಪು ಕಟ್ಟಿಕೊಂಡು, ಜಗಳವಾಡಿ, ರಾಜಿಯಾಗಿ, ಯಾರ ಪಕ್ಕ ಯಾರು ಎನ್ನುವುದು ಗಟ್ಟಿಯಾಗಿಬಿಟ್ಟಿರುತ್ತದೆ. ಅವರ ನಡುವೆ ಐವತ್ತೊಂದು ವರ್ಷದ ನಾನು, ತಪ್ಪು ಮದುವೆಮನೆಗೆ ಬಂದ ನೆಂಟರವಳ ಹಾಗೆ.

ಮೊದಲ ದಿನ ಗೇಟಿನಲ್ಲೇ ಕಾವಲುಗಾರ ತಡೆದ. "ಪೋಷಕರ ಸಭೆ ಮುಂದಿನ ವಾರ ಮೇಡಂ" ಎಂದ. "ನಾನೇ ಓದೋಳಪ್ಪಾ" ಎಂದೆ. ಅವನು ನನ್ನ ಗುರುತಿನ ಚೀಟಿಯನ್ನೂ ಮುಖವನ್ನೂ ಎರಡೆರಡು ಸಲ ನೋಡಿ, "ಹೋಗಿ ಹೋಗಿ, ಹೊತ್ತಾಯ್ತು" ಎಂದು ಗದರಿದ. ಆ ಗದರಿಕೆ ಕೇಳಿ ಎಷ್ಟು ಖುಷಿಯಾಯಿತು ಗೊತ್ತಾ? ಇಪ್ಪತ್ತರ ಹುಡುಗಿಯನ್ನು ಗದರಿದ ಹಾಗೇ ಗದರಿದ.

ಕಟ್ಟಡ ಹಾಗೇ ಇದೆ. ಗೋಡೆಗೆ ಬೇರೆ ಬಣ್ಣ ಹೊಡೆದಿದ್ದಾರೆ, ಕಿಟಕಿಗಳು ಈಗಲೂ ಅರ್ಧವೇ ತೆರೆಯುತ್ತವೆ. ಪ್ರಯೋಗಶಾಲೆಯ ಬಾಗಿಲು ತಳ್ಳಿದ ಕೂಡಲೇ ಆ ಘಾಟು ಮೂಗಿಗೆ ಹತ್ತಿತು ನೋಡು, ನನಗೆ ನಿಂತಲ್ಲೇ ಕಣ್ಣು ತುಂಬಿತು. ಪಕ್ಕದಲ್ಲಿದ್ದ ಹುಡುಗಿ "ಆಂಟಿ, ಅಮೋನಿಯಾ. ಅಭ್ಯಾಸ ಆಗುತ್ತೆ" ಎಂದಳು. ಅಮೋನಿಯಾ ಅಲ್ಲವೆಂದು ಅವಳಿಗೆ ಹೇಗೆ ಹೇಳಲಿ?

ಆ ಹುಡುಗಿಯೇ ನನ್ನ ಈ ಮೂರು ತಿಂಗಳ ತಲೆನೋವು. ಪ್ರಯೋಗಕ್ಕೆ ನಾಲ್ಕು ನಾಲ್ಕು ಜನರ ತಂಡ. ನನ್ನ ತಂಡಕ್ಕೆ ಅವಳೇ ಯಜಮಾನಿ. ನಾನು ಅವಳಿಗೆ ಮನಸ್ಸಿನಲ್ಲೇ ಸೂಜಿ ಎಂದು ಹೆಸರಿಟ್ಟಿದ್ದೇನೆ. ತೆಳ್ಳಗೆ, ನೆಟ್ಟಗೆ, ಮುಟ್ಟಿದರೆ ಚುಚ್ಚುವಂಥವಳು. ಇನ್ನೊಬ್ಬ ಉದ್ದನೆಯ ಹುಡುಗ, ಅವಳು ಏನು ಹೇಳಿದರೂ "ಹೂಂ" ಎನ್ನುತ್ತಾನೆ. ಮತ್ತೊಬ್ಬಳು ಇದ್ದದ್ದಕ್ಕೂ ಇಲ್ಲದ್ದಕ್ಕೂ ನಗುತ್ತಾಳೆ.

ಮೊದಲ ವಾರ ಸೂಜಿ "ಆಂಟಿ, ನೀವು ಗಾಜಿನ ಸಾಮಾನು ತೊಳೀರಿ, ನಾವು ಮಿಕ್ಕಿದ್ದು ನೋಡ್ಕೋತೀವಿ" ಎಂದಳು. ಹೊಸಬಳಲ್ಲವೇ ಎಂದು ತೊಳೆದೆ. ಎರಡನೇ ವಾರವೂ ತೊಳೆದೆ. ಮೂರನೇ ವಾರದ ಹೊತ್ತಿಗೆ ನಮ್ಮದು ಡ್ರೈಕ್ಲೀನಿಂಗ್ ಅಂಗಡಿ ಎಂದು ಅವರಿಗೆ ಹೇಗೋ ಗೊತ್ತಾಗಿತ್ತು. "ನಿಮಗೆ ತೊಳೆಯೋದು ಅಭ್ಯಾಸ ಇದೆಯಲ್ಲ" ಎಂದಳು. ನಗುವವಳು ನಕ್ಕಳು. ಉದ್ದನೆಯವನು "ಹೂಂ" ಎಂದ. ನಾನು ಫ್ಲಾಸ್ಕ್ ತೊಳೆಯುತ್ತಾ ನಿಂತೆ. ಇಪ್ಪತ್ತಾರು ವರ್ಷ ಊರಿನವರ ಕೋಟು, ಪರದೆ, ಹಾಸಿಗೆ ಹೊದಿಕೆಗಳ ಕಲೆ ತೆಗೆದಿದ್ದೇನೆ, ಒಂದು ದಿನವೂ ಆ ಕೆಲಸಕ್ಕೆ ನಾಚಿದವಳಲ್ಲ. ಅವತ್ತು ಮಾತ್ರ ಕೈ ಒರೆಸಿಕೊಳ್ಳುವಾಗ ಬೆರಳುಗಳನ್ನು ಮುಚ್ಚಿಕೊಂಡೆ. ಅದಕ್ಕಾಗಿ ಆಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಅಷ್ಟಕ್ಕೇ ನಿಲ್ಲಲಿಲ್ಲ. ತಂಡಕ್ಕೆಂದು ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು, ನಾನೂ ಅದರಲ್ಲಿದ್ದೆ. ಅದರಲ್ಲಿ ಯಾರೂ ಏನೂ ಹಾಕುತ್ತಿರಲಿಲ್ಲ. ಎಷ್ಟು ಒಳ್ಳೆಯ ಮಕ್ಕಳು, ಹರಟೆಯೇ ಇಲ್ಲ ಎಂದುಕೊಂಡಿದ್ದೆ! ಕಿರುಪರೀಕ್ಷೆ ಶುಕ್ರವಾರದಿಂದ ಗುರುವಾರಕ್ಕೆ ಬಂದಿದ್ದು ಎಲ್ಲರಿಗೂ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ. ಆಗ ತಿಳಿಯಿತು, ನನ್ನನ್ನು ಬಿಟ್ಟು ಇನ್ನೊಂದು ಗುಂಪಿದೆ ಎಂದು. ಪರೀಕ್ಷೆ ತಪ್ಪಿಹೋಯಿತು. ಮನೆಗೆ ಬಂದು, ಇನ್ನು ಹೋಗುವುದಿಲ್ಲ ಎಂದು ಬ್ಯಾಗನ್ನು ಕಪಾಟಿನ ಮೇಲೆ ಎಸೆದೆ.

ನಮ್ಮ ಮನೆಯವರು ಇಸ್ತ್ರಿಪೆಟ್ಟಿಗೆ ಕೆಳಗಿಡದೆಯೇ ಕೇಳಿದರು: "ಪಾಠ ಹೇಳೋರು ಹೇಗಿದಾರೆ?"

"ಚೆನ್ನಾಗಿ ಹೇಳ್ತಾರೆ."

"ನಿನಗೆ ಅರ್ಥ ಆಗುತ್ತಾ?"

"ಆಗುತ್ತೆ."

"ಮತ್ತೆ ಆ ಮಕ್ಕಳನ್ನ ಮದುವೆ ಆಗ್ಬೇಕಾ ನೀನು? ಬ್ಯಾಗ್ ಕೆಳಗಿಳಿಸು."

ಇಳಿಸಿದೆ. ಆ ಸಂಜೆ ಓದುತ್ತಾ ಕೂತಾಗ ಹಳೆಯದೆಲ್ಲ ನೆನಪಾಯಿತು. ಅಪ್ಪ ಬಸ್ಸಿನ ಡ್ಯೂಟಿಗೆ ಹೋದ ಮೇಲೆ ಅಡುಗೆಮನೆಯಲ್ಲಿ ನೀನು ಒಲೆಯ ಮುಂದೆ, ನಾನು ಹೊಸ್ತಿಲ ಮೇಲೆ. ಮೂಲವಸ್ತುಗಳ ಪಟ್ಟಿಯನ್ನು ಗಟ್ಟಿಯಾಗಿ ಒಪ್ಪಿಸುತ್ತಿದ್ದೆ. ನೀನು ತರಕಾರಿ ಹೆಚ್ಚುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಕೇಳಿ ಕೇಳಿ ನಿನಗೇ ಬಾಯಿಪಾಠವಾಗಿ, "ಏಯ್, ಕ್ಲೋರಿನ್ ನುಂಗಿಬಿಟ್ಟೆ, ಮತ್ತೆ ಹೇಳು" ಎನ್ನುತ್ತಿದ್ದೆ. ಅಮ್ಮ ಹೋದಾಗ ಹದಿನಾರಕ್ಕೇ ಶಾಲೆ ಬಿಟ್ಟು ಆರು ವರ್ಷದ ನನ್ನನ್ನು ಸೊಂಟಕ್ಕೇರಿಸಿಕೊಂಡವಳು ನೀನು. ನಾನು ಕಾಲೇಜಿಗೆ ಸೇರುವ ಹೊತ್ತಿಗೆ ನಿನಗೆ ಮದುವೆಯಾಗಿತ್ತು. ಆದರೂ ಮೊದಲ ದಿನ ಎರಡು ಬಸ್ಸು ಬದಲಿಸಿ ಬಂದೆ. ನನ್ನ ತಲೆ ಬಾಚಿ, ಎಷ್ಟು ಬಿಗಿಯಾಗಿ ಜಡೆ ಹಾಕಿದೆಯೆಂದರೆ ಹುಬ್ಬುಗಳು ಮೇಲೇರಿ ದಿನವಿಡೀ ಆಶ್ಚರ್ಯಪಟ್ಟವಳ ಹಾಗೆ ಕಾಣಿಸುತ್ತಿದ್ದೆ. ಕಾಲೇಜಿನ ಕಲ್ಲುಮೆಟ್ಟಿಲ ತನಕ ಬಂದು "ಒಳಗೆ ಹೋಗು, ಹಿಂದೆ ನೋಡ್ಬೇಡ" ಎಂದೆ. ನಾನು ನೋಡಿದೆ. ನೀನು ಗೋಡೆಯ ಮೇಲಿದ್ದ ಸೂಚನಾ ಫಲಕದ ಸಾಲುಗಳನ್ನು ಬೆರಳಿಟ್ಟು ಒಂದೊಂದಾಗಿ ಓದುತ್ತಾ ನಿಂತಿದ್ದೆ.

ಮತ್ತೆ ಸೂಜಿಯ ಕಥೆಗೆ ಬರುತ್ತೇನೆ. ಮುಂದಿನ ಪ್ರಯೋಗದ ದಿನ ಹೋದವಳೇ ಹೇಳಿದೆ: "ಇವತ್ತಿಂದ ಸರದಿ. ಈ ವಾರ ಬ್ಯೂರೆಟ್ ನಾನು ಹಿಡೀತೀನಿ." ಬ್ಯೂರೆಟ್ ಎಂದರೆ ಕೆಳಗೆ ಪುಟ್ಟ ನಲ್ಲಿಯಿರುವ ಉದ್ದನೆಯ ಗಾಜಿನ ಕೊಳವೆ. ಅದರಿಂದ ಹನಿ ಹನಿಯಾಗಿ ಬಿಡುತ್ತಾ, ಫ್ಲಾಸ್ಕಿನ ನೀರು ನಸುಗುಲಾಬಿಯಾದ ಆ ಕ್ಷಣಕ್ಕೇ ನಿಲ್ಲಿಸಬೇಕು. ಸೂಜಿ ತುಟಿ ಬಿಗಿದು ಪಕ್ಕಕ್ಕೆ ಸರಿದಳು.

ನಾನು ಸೇಡು ತೀರಿಸಿಕೊಂಡು ಗೆದ್ದೆ ಎಂದುಕೊಂಡೆಯಾ? ನಲ್ಲಿ ಅರೆಕ್ಷಣ ಜಾಸ್ತಿ ತಿರುಗಿ ಫ್ಲಾಸ್ಕ್ ಕಡುಗೆಂಪಾಯಿತು. ಎರಡನೇ ಸಲವೂ ಅಷ್ಟೇ. ಮೇಷ್ಟರು ಬಂದು ನೋಡಿ, "ಇಡೀ ತಂಡ ಊಟದ ಬಿಡುವಲ್ಲಿ ನಿಂತು ಮತ್ತೆ ಮಾಡಿ" ಎಂದು ಹೋದರು.

ಸೂಜಿ ಸಿಡಿದಳು. "ನಿಮಗೆ ಇದು ಟೈಂಪಾಸ್ ಆಂಟಿ. ನಮಗೆ ಜೀವನ!"

ಇಡೀ ಪ್ರಯೋಗಶಾಲೆ ತಿರುಗಿ ನೋಡಿತು. ನನ್ನ ಬಾಯಿಂದ ಹೇಗೆ ಬಂತೋ ಕಾಣೆ: "ಟೈಂ ಪಾಸ್ ಆಗ್ಲಿ ಅಂತ ಬಂದಿಲ್ಲಮ್ಮಾ. ಟೈಂ ಪಾಸಾಗಿಹೋಗಿದೆ ಅಂತಾನೇ ಬಂದಿದೀನಿ."

ಯಾರೂ ನಗಲಿಲ್ಲ. ಯಾವಾಗಲೂ ನಗುವವಳೂ ನಗಲಿಲ್ಲ.

ಆ ಬಿಡುವಿನಲ್ಲಿ ನಾಲ್ವರೂ ಹಸಿದುಕೊಂಡು ನಿಂತು ಮತ್ತೆ ಮಾಡಿದೆವು. ಸೂಜಿಯೇ ಬ್ಯೂರೆಟ್ ಹಿಡಿದಳು. ಅವಳ ಕೈ ನೋಡಬೇಕು ಅಕ್ಕ, ಹನಿಯನ್ನು ಅರ್ಧಕ್ಕೆ ಕತ್ತರಿಸುತ್ತಾಳೆ. ಮುಗಿದ ಮೇಲೆ ಉಳಿದಿಬ್ಬರು ಕ್ಯಾಂಟೀನಿಗೆ ಓಡಿದರು. ಅವಳು ಮಾತ್ರ ಸಿಂಕಿನ ಹತ್ತಿರ ಬಂದು, ನಾನು ತೊಳೆದ ಫ್ಲಾಸ್ಕುಗಳನ್ನು ಒರೆಸತೊಡಗಿದಳು. ತಲೆಯೆತ್ತದೆ ಹೇಳಿದಳು, "ಒಂದು ಸಬ್ಜೆಕ್ಟ್ ಹೋದ್ರೂ ಊರಿಗೆ ವಾಪಸ್ ಕರ್ಕೊಂಡು ಹೋಗ್ತೀನಿ ಅಂದಿದಾರೆ ಅಪ್ಪ. ಕಳೆದ ಸಲ ಬರೀ ಎರಡು ಮಾರ್ಕ್ಸಲ್ಲಿ ಉಳ್ಕೊಂಡೆ. ಅದಕ್ಕೇ ಯಾರ ಕೈಗೂ ಕೊಡೋಕೆ ಭಯ."

"ಮೊದಲೇ ಹೇಳಿದ್ರೆ ನಾನೇನು ಕಿತ್ಕೋತಿದ್ನಾ?" ಎಂದೆ.

"ಹೇಳೋಕಾಗಲ್ಲ ಆಂಟಿ."

ಹೇಳೋಕಾಗಲ್ಲ ಎನ್ನುವುದು ನಿಜವೇ.

ಈಗ ನಾವು ಜೀವದ ಗೆಳತಿಯರಾಗಿದ್ದೇವೆ ಎಂದೇನೂ ತಿಳಿಯಬೇಡ. ಅವಳು ಇವತ್ತಿಗೂ ನನ್ನ ತಪ್ಪನ್ನು ಎಲ್ಲರ ಮುಂದೆಯೇ ಎತ್ತಿ ತೋರಿಸುತ್ತಾಳೆ. ನಾನು ಎರಡು ಸಲ "ಸರಿಯಾಗಿ ಮಾತಾಡು" ಎಂದು ಗದರಿದ್ದೇನೆ. ಆದರೆ ಸರದಿ ನಡೆಯುತ್ತಿದೆ. ತೊಳೆಯುವುದೂ ಸರದಿಯೇ, ಉದ್ದನೆಯವನು ಈವರೆಗೆ ಮೂರು ಫ್ಲಾಸ್ಕ್ ಒಡೆದಿದ್ದಾನೆ. ನನ್ನನ್ನು ಆ ಇನ್ನೊಂದು ಗುಂಪಿಗೂ ಸೇರಿಸಿದರು. ಸೇರಿ ನೋಡಿದರೆ ದಿನಕ್ಕೆ ಇನ್ನೂರು ಸಂದೇಶ, ಓದುವಂಥದ್ದು ಒಂದೂ ಇಲ್ಲ. ಬೇಸರಪಟ್ಟುಕೊಂಡಿದ್ದು ದಂಡ! ಬಿಡುವಿನಲ್ಲಿ ಪ್ರಯೋಗಶಾಲೆಯ ಸಹಾಯಕರ ಅಪ್ಪಣೆ ಪಡೆದು ಬರೀ ನೀರು ತುಂಬಿಸಿ ನಲ್ಲಿ ತಿರುಗಿಸುವುದನ್ನು ಕಲಿತೆ. ಹೋದ ವಾರದ ಪರೀಕ್ಷೆಯಲ್ಲಿ ನಸುಗುಲಾಬಿ ಬಂತು ಅಕ್ಕ, ಮಗುವಿನ ಉಗುರಿನ ಬಣ್ಣ. ಇಪ್ಪತ್ತೈದಕ್ಕೆ ಹತ್ತೊಂಬತ್ತು. ಸೂಜಿಗೆ ಇಪ್ಪತ್ತಮೂರು. ಅವಳಿಗೆ ಬಂದಿದ್ದು ನೋಡಿ ನನಗೇ ಹೆಚ್ಚು ಸಮಾಧಾನವಾಯಿತು.

ಇಲ್ಲಿ ಮಿಕ್ಕಿದ್ದೆಲ್ಲ ಮಾಮೂಲು. ಅಂಗಡಿಯ ದೊಡ್ಡ ಯಂತ್ರ ಮತ್ತೆ ಕೆಟ್ಟು ಮತ್ತೆ ಸರಿಹೋಯಿತು. ಮನೆಯವರು ನನ್ನ ಪುಸ್ತಕ ತಿರುವಿ ಹಾಕಿ, ಕಲೆ ತೆಗೆಯುವ ದ್ರಾವಣದ ನಿಜವಾದ ಹೆಸರು ಕಲಿತಿದ್ದಾರೆ. ಗಿರಾಕಿಗಳ ಮುಂದೆ ಅದನ್ನು ಉದ್ದಕ್ಕೆ ಹೇಳಿ ಹೆದರಿಸುತ್ತಾರೆ. ನಿನ್ನ ಮೊಮ್ಮಗಳಿಗೆ ಮುಂದಿನ ಹಲ್ಲು ಬಿತ್ತಂತೆ, ಅವಳಿಗೆ ನನ್ನ ಆಶೀರ್ವಾದ ಹೇಳು. ಹೊಸ ಹಲ್ಲು ಬರುವ ತನಕ ಬೇಕಾದಷ್ಟು ನಗಲಿ. ಭಾವನಿಗೆ ನಮಸ್ಕಾರ. ಕಿವಿಯ ಡಾಕ್ಟರ ಹತ್ತಿರ ಹೋಗುವುದನ್ನು ಮುಂದಕ್ಕೆ ಹಾಕಬೇಡ. ನಿನ್ನ ಕೈ ನನ್ನ ತಲೆಯ ಮೇಲಿರಲಿ.

ನಿನ್ನ ಬಾಲಂಗೋಚಿ

ತಾ. ಕ.: ತಡವಾದದ್ದಕ್ಕೆ ಮೇಲೆ ಬರೆದ ಕಾರಣ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಈ ಕಾಗದವನ್ನು ನಾಲ್ಕು ಸಲ ಶುರುಮಾಡಿ ಹರಿದಿದ್ದೇನೆ.

ಜುಲೈ ತಿಂಗಳಲ್ಲಿ, ಹಳೆಯ ಅಂಕಗಳನ್ನು ತಾಳೆ ನೋಡಲು ಕಾಲೇಜಿನ ಆಫೀಸಿಗೆ ಕರೆದರು. ಅಲ್ಲಿ ಗುಮಾಸ್ತೆಯಾಗಿರುವ ಹುಡುಗಿ ನನ್ನ ಹಳೆಯ ಫೈಲಿನ ಧೂಳು ಕೊಡವಿ, "ನಿಮ್ಮ ತಂದೆಯವರ ಪತ್ರ ಇದೆ ನೋಡಿ ಮೇಡಂ. ನೀವಾಗೇ ಬಿಟ್ಟಿದ್ದು ಅಂತಿದೆ. ಒಳ್ಳೇದೇ ಆಯ್ತು. ಹಾಜರಾತಿ ಸಾಲದು ಅಂತ ಕಾಲೇಜೇ ತೆಗೆದುಹಾಕಿದ್ರೆ ಈಗ ಸೇರಿಸ್ಕೊಳ್ಳೋಕೆ ಬರ್ತಿರ್ಲಿಲ್ಲ" ಎಂದಳು.

ಹಾಜರಾತಿ ಸಾಲದೆಂದು ಕಾಲೇಜೇ ತೆಗೆದುಹಾಕಿತು ಎಂದಲ್ಲವೇ ನಾನು ಮೂವತ್ತೊಂದು ವರ್ಷ ನಂಬಿಕೊಂಡು ಬಂದಿದ್ದು? ಮೂರನೇ ಸೆಮಿಸ್ಟರ್ ಶುರುವಾದಾಗ ನಾನು ಟೈಫಾಯ್ಡ್ ಬಂದು ಮಲಗಿದ್ದೆ. ನೀನೇ ಕಾಲೇಜಿಗೆ ಹೋಗಿ ಬಂದು, ನನ್ನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಹಾಗೆಂದು ಹೇಳಿದ್ದೆ. ಅವತ್ತಿನಿಂದ ಆ ಜ್ವರವನ್ನು ಬೈಯದ ವರ್ಷವಿಲ್ಲ.

ಪತ್ರದ ಕೆಳಗೆ ಅಪ್ಪನ ಸಹಿ ಇತ್ತು. ಅಪ್ಪನಿಗೆ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಗಿ ಆಗ ಎರಡು ತಿಂಗಳು. ಬರವಣಿಗೆ ಯಾರದೆಂದು ತಿಳಿಯಲು ನನಗೆ ಒಂದು ಸಾಲೂ ಬೇಕಾಗಲಿಲ್ಲ. ನನಗೆ ಅಕ್ಷರ ತಿದ್ದಿಸಿದವಳೇ ನೀನು.

ಅಪ್ಪನನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಇರಲೇಬೇಕಿತ್ತು. ನೀನು ಆಗ ಏಳು ತಿಂಗಳ ಬಸುರಿ, ಎಷ್ಟು ದಿನವೆಂದು ಓಡಾಡುತ್ತೀಯ? ಅದೆಲ್ಲ ನನಗೆ ಅರ್ಥವಾಗುತ್ತದೆ. ನೀನು ಕೇಳಿದ್ದರೆ ನಾನೇ ಬಿಡುತ್ತಿದ್ದೆ. ಆದರೆ ನಿನ್ನನ್ನು ಶಾಲೆ ಬಿಡಿಸಿದಾಗ ನಿನ್ನನ್ನೂ ಯಾರೂ ಕೇಳಿರಲಿಲ್ಲ, ಕೇಳಬಹುದು ಎಂದೇ ನಿನಗೆ ಹೊಳೆದಿರಲಿಕ್ಕಿಲ್ಲ. ಬಿಡಿಸಿದ್ದಕ್ಕೆ ಕೋಪ ಬಂದಿತ್ತು, ಒಂದೆರಡು ತಿಂಗಳು ಇತ್ತು, ಹೋಯಿತು.

ಹೋಗದೇ ಇರುವುದು ಒಂದೇ ಒಂದು. ಕಾರಣ ಎನ್ನುವಲ್ಲಿ ನೀನು "ಮಗಳಿಗೆ ಓದಿನಲ್ಲಿ ಆಸಕ್ತಿ ಇಲ್ಲ" ಎಂದು ಬರೆದಿದ್ದೀಯ.

ಅಪ್ಪನಿಗೆ ಹುಷಾರಿಲ್ಲ ಎಂದು ಬರೆದಿದ್ದರೂ ಸಾಕಾಗುತ್ತಿತ್ತಲ್ಲ, ಅಕ್ಕ. ಅದು ನಿಜವೂ ಆಗಿತ್ತು.