ದ್ವೀಪಕ್ಕೆ ಎಲೆ ಕಳಿಸುವ ಮನೆಯವಳಿಗೆ ದ್ವೀಪದ ಸಂಶೋಧನೆ ಯಾಕೆ?

ಸಂಶೋಧನಾ ಅನುದಾನ ವಿಭಾಗದ ಮಾನ್ಯ ನಿರ್ದೇಶಕರೇ,

ದ್ವೀಪವಾಸಿಗಳ ಬದುಕಿನ ಮೇಲೆ ಹವಾಮಾನ ಬದಲಾವಣೆಯ ಪರಿಣಾಮ ಕುರಿತು ಪಿಎಚ್.ಡಿ. ಮಾಡುವವರಿಗೆ ನಿಮ್ಮ ಕಚೇರಿ ಪೂರ್ಣ ಶಿಷ್ಯವೇತನದ ಒಂದು ಸ್ಥಾನ ಪ್ರಕಟಿಸಿತ್ತು. ಆ ಸ್ಥಾನ ಈಗಲೂ ಖಾಲಿ ಇದೆ. ಅರ್ಹರು ಸಿಗಲಿಲ್ಲವಂತೆ. ಮಾರ್ಚ್ ಕಳೆದರೆ ಅನುದಾನ ಮರಳಿ ಹೋಗುತ್ತದೆ, ಮುಂದಿನ ವರ್ಷಕ್ಕೆ ನನ್ನ ವಯೋಮಿತಿಯೂ ಮುಗಿಯುತ್ತದೆ. ನೀವು ಅನರ್ಹರೆಂದವರಲ್ಲಿ ನಾನೂ ಒಬ್ಬಳು. ಮನವಿ ಕಳಿಸಿ ಕಳಿಸಿ ಸಾಕಾಗಿದೆ. ಜಗಳಕ್ಕೆ ಬೇಕಾದ ಹುರುಪು ಕೂಡ ಈಗ ಅಷ್ಟಾಗಿ ಉಳಿದಿಲ್ಲ. ಆದರೂ ಏನು ನಡೆಯಿತೆಂದು ಈ ಬಹಿರಂಗ ಪತ್ರದಲ್ಲಿ ನಾಲ್ಕು ಜನರ ಮುಂದೆ ಒಮ್ಮೆ ಹೇಳಿಬಿಡುತ್ತೇನೆ.

ಸಂದರ್ಶನದ ಕೋಣೆಯಲ್ಲಿ ನಿಮ್ಮ ಸಮಿತಿಯ ಹಿರಿಯರೊಬ್ಬರು ನನ್ನ ವಿಳಾಸ ನೋಡಿ, "ಸವಣೂರಾ? ಖಾರಾ ತರಲಿಲ್ಲವೇನಮ್ಮ?" ಎಂದು ನಮ್ಮೂರಿನ ಹೆಸರಾದ ಕುರುಕಲು ತಿಂಡಿಯನ್ನು ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. "ಸಮುದ್ರ ನೋಡಿದ್ದೀರಾ?" "ಇಲ್ಲ ಸರ್." ಮತ್ತೊಮ್ಮೆ ನಗು. "ಹಾವೇರಿ ಜಿಲ್ಲೆಯವರು ಮೆಣಸಿನಕಾಯಿ ಮೇಲೆ ಸಂಶೋಧನೆ ಮಾಡಬಹುದಲ್ಲ? ದ್ವೀಪಕ್ಕೂ ನಿಮಗೂ ಏನು ಸಂಬಂಧ?" ಸುಳ್ಳು ಹೇಳುವುದು ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದೆ: "ನಮ್ಮಪ್ಪ ಅಲ್ಲಿಗೆ ಎಲೆ ಕಳಿಸುತ್ತಾರೆ ಸರ್."

ನನ್ನ ಅಬ್ಬಾ ಮಹಮ್ಮದಗೌಸ ಸವಣೂರಿನಲ್ಲಿ ವೀಳ್ಯದೆಲೆ ತೋಟ ಮಾಡುತ್ತಾರೆ. ಪಕ್ಕದ ತೋಟ ಪರಮೇಶಪ್ಪ ಕಾಕಾನದು. ಇಬ್ಬರ ಎಲೆಯೂ ಒಂದೇ ಲಾರಿಯಲ್ಲಿ ಹಾನಗಲ್ಲು, ಶಿರಸಿ ದಾಟಿ, ಘಟ್ಟ ಇಳಿದು ಮಂಗಳೂರಿನ ಹಳೆ ಬಂದರಿಗೆ ಹೋಗುತ್ತದೆ. ಅಲ್ಲಿಂದ ಮಂಜಿ ಎಂಬ ಮರದ ಹಡಗಿನಲ್ಲಿ ಲಕ್ಷದ್ವೀಪಕ್ಕೆ. ದ್ವೀಪದಲ್ಲಿ ಅದನ್ನು ಇಳಿಸಿಕೊಳ್ಳುವವರು ಕುಂಞಿಕೋಯಾ ಎಂಬ ವ್ಯಾಪಾರಿ. ಈ ವ್ಯಾಪಾರದಲ್ಲಿ ಅಜ್ಜನ ಕಾಲದಿಂದ ಒಂದು ರೂಢಿ ಇದೆ. ಮಂಜಿ ತಡವಾಗಿ ಎಲೆ ಕೊಳೆತರೆ ಹಾನಿ ಅರ್ಧ ನಮ್ಮದು, ಅರ್ಧ ಅವರದು. ಎಷ್ಟು ಕೊಳೆಯಿತೆಂದು ಅವರು ಫೋನಿನಲ್ಲಿ ಹೇಳುತ್ತಾರೆ, ನಾವು ಒಪ್ಪುತ್ತೇವೆ. ಸಾಕ್ಷಿ ಕೇಳುವ ಪದ್ಧತಿ ಇಲ್ಲ. ಸಮುದ್ರ ಮಾಡಿದ ತಪ್ಪನ್ನು ಮನುಷ್ಯರ ತಲೆಗೆ ಕಟ್ಟಬಾರದೆಂಬುದು ಇಬ್ಬರೂ ಮಾತಿಲ್ಲದೆ ಒಪ್ಪಿಕೊಂಡ ನ್ಯಾಯ.

ಮೊದಲೆಲ್ಲ ಇಂಥ ಫೋನು ಅಪರೂಪಕ್ಕೆ ಬರುತ್ತಿತ್ತು. ಈಚೆಗೆ ಚಳಿಗಾಲದಲ್ಲೂ ಬರುತ್ತದೆ. "ಗಾಳಿ ಬಿಡಲೇ ಇಲ್ಲ ಗೌಸ್ ಭಾಯಿ, ಈ ಸಲವೂ ಹೋಯಿತು." ಒಮ್ಮೆ ಪರಮೇಶಪ್ಪ ಕಾಕಾನ ತಾಳ್ಮೆ ತಪ್ಪಿತು.

"ಗೌಸಣ್ಣ, ಒಂದ್ ಫೋಟೋ ಕಳಸ್ರಿ ಅಂತ ಕೇಳು. ಈಗ ಎಲ್ಲಾರ ಕೈಯಾಗೂ ಫೋನ್ ಅದಾವ."

"ಕೇಳೂದೇನ್ ದೊಡ್ಡ ಮಾತು? ಆಮ್ಯಾಲ ಅವರು ನಮ್ಮ ಬುಟ್ಟಿ ತಳದ ಫೋಟೋ ಕೇಳ್ತಾರ. ನೀ ಅಲ್ಲಿ ಎಂಥಾ ಎಲಿ ತುರುಕತಿ ಅಂತ ತೋರಸೂಣೇನು?"

"ಏ, ಹುಡುಗಿ ಮುಂದ ಯಾಕ ಮರ್ಯಾದಿ ತಗೀತಿಯೋ ಮಾರಾಯ!" ಎಂದು ಕಾಕಾ ನಕ್ಕುಬಿಟ್ಟರು. ಫೋಟೋದ ಮಾತು ಅಲ್ಲಿಗೆ ನಿಂತಿತು.

ನನ್ನ ತಲೆಯಲ್ಲಿ ಮಾತ್ರ ಪ್ರಶ್ನೆ ನಿಲ್ಲಲಿಲ್ಲ. ಮಂಜಿ ಬಾರದ ವಾರ ಎಲೆ ಹೋಗಲಿ, ಅಲ್ಲಿಯವರು ತರಕಾರಿಗೆ ಏನು ಮಾಡುತ್ತಾರೆ? ಶಿಗ್ಗಾಂವದಲ್ಲಿ ಓದುವಾಗ ವಿಜ್ಞಾನ ಶಿಬಿರವೊಂದರಲ್ಲಿ ಸಿಕ್ಕ ಕಿರುಹೊತ್ತಿಗೆಗಳಿಂದ ಕಡಲು ಬಿಸಿಯಾಗುವುದು, ಹವಳ ಸಾಯುವುದು ಗೊತ್ತಾಯಿತು. ಇಂಥ ಹೊತ್ತಿಗೆಗಳನ್ನು ಹುಡುಕಿಕೊಂಡು ಹಿರೇಕೆರೂರಿನವರೆಗೂ ಹೋಗಿದ್ದೇನೆ. ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಸಮುದ್ರದ ಬಗ್ಗೆ ಇದ್ದದ್ದು ಒಂದು ನಕಾಶೆ ಮಾತ್ರ. ಫೋನಿನಲ್ಲಿ ಎಲೆಯ ಮಾತು ಮುಗಿದ ಮೇಲೆ ಕುಂಞಿಕೋಯಾ ಅವರನ್ನೇ ಕೇಳುತ್ತಾ ಹೋದೆ. ಅವರ ಮನೆಯ ಬಾವಿ ಉಪ್ಪಾಗಿದೆ. ಆ ಮನೆಯ ಅಜ್ಜಿ ಆ ನೀರಿನ ಚಹಾ ಒಲ್ಲೆ ಎಂದು ಮೊಮ್ಮಕ್ಕಳನ್ನು ಮಸೀದಿಯ ಬಾವಿಗೆ ಅಟ್ಟುತ್ತಾರೆ. ನನ್ನ ಸಂಶೋಧನಾ ಪ್ರಸ್ತಾವ ಹುಟ್ಟಿದ್ದು ಹೀಗೆ.

ಆಮೇಲೆ ನಿಮ್ಮ ತಿರಸ್ಕಾರ ಪತ್ರ ಬಂತು. "ಅಭ್ಯರ್ಥಿಯ ಕುಟುಂಬಕ್ಕೆ ಅಧ್ಯಯನದ ಸಮುದಾಯದೊಂದಿಗೆ ವ್ಯಾಪಾರ ಹಿತಾಸಕ್ತಿ ಇರುವುದರಿಂದ ನಿಷ್ಪಕ್ಷಪಾತ ಸಂಶೋಧನೆ ಅಸಾಧ್ಯ." ಕೋಣೆಯೊಳಗೆ ನನಗೂ ದ್ವೀಪಕ್ಕೂ ಸಂಬಂಧವೇ ಇಲ್ಲವೆಂದು ನಕ್ಕವರು, ಹೊರಗೆ ಬಂದು ಸಂಬಂಧ ಅತಿಯಾಯಿತು ಎಂದು ಬರೆದಿರಿ! ಎಷ್ಟು ಸಂಬಂಧ ಇದ್ದರೆ ಸರಿ ಎಂದು ದಯವಿಟ್ಟು ತಿಳಿಸುವಿರಾ? ರಜೆಗೆ ಹೋಗಿ ನೀರಿನೊಳಗೆ ಮೀನು ನೋಡಿಬಂದಷ್ಟು? ಕೊಳೆತ ಎಲೆಯಲ್ಲಿ ಅರ್ಧ ಹಾನಿ ಹೊರುವುದು ಹಿತಾಸಕ್ತಿಯಾದರೆ, ಹೌದು, ನಮಗಿದೆ. ಅವರ ಕಡಲು ಕೆಟ್ಟರೆ ನಮ್ಮ ತೋಟಕ್ಕೂ ಪೆಟ್ಟು. ಇದನ್ನು ನಾನು ಮುಚ್ಚಿಟ್ಟಿಲ್ಲ, ಕೇಳಿದ ಕೂಡಲೇ ಹೇಳಿದೆ. ಹವಾಮಾನದ ಹಾನಿಯಿಂದ ಹೊರಗೆ ನಿಂತು ನೋಡಬಲ್ಲ ನಿಷ್ಪಕ್ಷಪಾತಿ ಈ ಭೂಮಿಯ ಮೇಲೆ ಎಲ್ಲಿದ್ದಾನೆ? ಸಿಕ್ಕರೆ ಅವನಿಗೇ ಆ ಸ್ಥಾನ ಕೊಡಿ. ಸಿಕ್ಕಿಲ್ಲವೆಂದು ನೀವೇ ಹೇಳುತ್ತಿದ್ದೀರಿ.

ನನ್ನ ಅರ್ಜಿಯ ಗತಿ ಕೇಳಿ ಕುಂಞಿಕೋಯಾ ಅವರಿಗೆ ಬೇಸರವಾಯಿತು. "ನಮ್ಮ ಎಲೆಯವರ ಮನೆಯವರು ಅಂತ ನಾನು ಹೊಣೆ ನಿಲ್ಲುತ್ತೇನೆ, ನೀವು ಬನ್ನಿ ಮಗಳೇ," ಎಂದರು. ದ್ವೀಪಕ್ಕೆ ಕಾಲಿಡಲು ಪರವಾನಗಿ ಬೇಕು. ನಿಮ್ಮಲ್ಲಿ ನನ್ನನ್ನು ಹೊರಗಿಟ್ಟ ಆ ವ್ಯಾಪಾರದ ನಂಟಿನ ಮೇಲೆಯೇ ಅದು ಸಿಕ್ಕಿದೆ. ಮುಂದಿನ ವಾರ ಕೊಚ್ಚಿಯಿಂದ ಹಡಗು. ಅಬ್ಬಾನೂ ಬರುತ್ತಿದ್ದಾರೆ. ಇಷ್ಟು ವರ್ಷ ಎಲೆ ಕಳಿಸಿದ ಅವರೂ ಇನ್ನೂ ಸಮುದ್ರ ಕಂಡಿಲ್ಲ.

ಆದರೆ ಪರವಾನಗಿ ಕೆಲವೇ ದಿನಗಳದು. ಬಾವಿ ಮಳೆಗಾಲದಲ್ಲಿ ಎಷ್ಟು ಸಿಹಿ, ಬೇಸಿಗೆಯಲ್ಲಿ ಎಷ್ಟು ಉಪ್ಪು ಎಂದು ತಿಳಿಯಲು ಅಲ್ಲೇ ಇದ್ದು ವರ್ಷಗಟ್ಟಲೆ ಅಳೆಯಬೇಕು. ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಮಾರ್ಚಿಗೆ ಮೊದಲು ಸಮಿತಿಯನ್ನು ಮತ್ತೆ ಕೂಡಿಸಿ. ನಮ್ಮ ಮನೆಯ ವ್ಯಾಪಾರ ಬಿಟ್ಟು ನನ್ನ ಪ್ರಸ್ತಾವದ ಬಗ್ಗೆ ಪ್ರಶ್ನೆ ಕೇಳಿ. ದ್ವೀಪದವರೇ ಯಾರಾದರೂ ನನಗಿಂತ ಚೆನ್ನಾಗಿ ಉತ್ತರಿಸಿದರೆ ಅವರಿಗೆ ಕೊಡಿ, ನಾನು ಇದುವರೆಗೆ ಕೇಳಿ ತಿಳಿದುದೆಲ್ಲವನ್ನೂ ಅವರಿಗೆ ಒಪ್ಪಿಸುತ್ತೇನೆ. ಆ ಸ್ಥಾನವನ್ನು ಮಾತ್ರ ಖಾಲಿ ಮರಳಿಸಬೇಡಿ. ನೀವು ತೀರ್ಮಾನಿಸುವವರೆಗೆ ನಾನು ಅಲ್ಲಿ ಬರೀ ಅತಿಥಿ. ಆ ಅಜ್ಜಿಯ ಜೊತೆ ಕೂತು ಚಹಾ ಕುಡಿಯಬಹುದು, ಬಾವಿ ಉಪ್ಪಾಗಿದೆ ಎಂದರೆ ತಲೆಯಾಡಿಸಬಹುದು, ಎದ್ದು ಬರಬಹುದು.

ಇಂತಿ,
ಸರಕಾರಿ ಪತ್ರಕ್ಕೆ ಉತ್ತರ ಬರುತ್ತದೆಂದು ನಂಬುವ ಚಟ ಇನ್ನೂ ಬಿಡದ,
ನಿಖತ
ಸವಣೂರು