ಕೊನೆಯ ಕ್ಯಾನಿನ ನೀರು

3 ಜನವರಿ 1988, ಭಾನುವಾರ, ಬೆಳಿಗ್ಗೆ 6.10

ನೀರಿನ ಉಷ್ಣತೆ 23. ಹೈಡ್ರೋಮೀಟರ್ 1.024— ಉಪ್ಪು ಸರಿ ಇದೆ. ಗಾಜಿನ ಒಳಬದಿಯಲ್ಲಿ ತೆಳ್ಳಗೆ ಕಂದು ಪಾಚಿ. ಪಂಪಿನ ಗುರುಗುರು ಎಂದಿನಂತೆ. ಟ್ಯಾಂಕ್ ತುಂಬಿ ಹದಿನೈದು ದಿನ. ಒಳಗೆ ಇನ್ನೂ ಒಂದು ಜೀವವಿಲ್ಲ.

ಒಂದು ಮಾತು ಬರೆಯುವುದೇ ಬೇಡ ಎಂದುಕೊಂಡಿದ್ದೆ. ಬರೆದುಬಿಡುತ್ತೇನೆ. ಈ ಟ್ಯಾಂಕ್ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಎಂದು ಎಲ್ಲರಿಗೂ ಹೇಳಿದ್ದೇನೆ— ಇವರಿಗೆ, ತಮ್ಮ ದೇವದಾಸನಿಗೆ, ಹೆಡ್‌ಮಿಸ್ಟ್ರೆಸ್‌ಗೆ. ಸುಳ್ಳು. ಮೂರು ಅಡಿಯ ಗಾಜಿನ ಪೆಟ್ಟಿಗೆಯನ್ನು ಮೂರನೇ ಮಹಡಿಯಿಂದ ಇಳಿಸುವವರು ಯಾರು? ಇದು ನನಗಾಗಿ. ರದ್ದಿ ಅಂಗಡಿಯ ಹಳೆಯ ಅಮೆರಿಕನ್ ಮ್ಯಾಗಜಿನ್‌ನಲ್ಲಿ ಒಂದು ಚಿತ್ರ ಇತ್ತು. ಯಾರದೋ ಮನೆಯ ಪಡಸಾಲೆಯಲ್ಲಿ ಗಾಜಿನ ಹಿಂದೆ ಹವಳದ ಬಂಡೆ, ಅದರ ತುಂಬ ಅರಳಿಕೊಂಡ ಜೀವಗಳು. ನಲವತ್ತಮೂರನೇ ವಯಸ್ಸಿಗೆ ಹೀಗೊಂದು ವಸ್ತು ಬೇಕು ಅನಿಸಿತು. ‘ನನಗೆ ಬೇಕು’ ಎನ್ನುವುದಕ್ಕಿಂತ ‘ಮಕ್ಕಳಿಗೆ ಬೇಕು’ ಎನ್ನುವುದು ನಾಲಿಗೆಗೆ ಸುಲಭ. ಯಾಕೋ.

ನಾವು ಬಂದು ನೆಲೆಸಿದ ಈ ಕರಾವಳಿಯಲ್ಲಿ ಆ ಚಿತ್ರದ ಹವಳ ಸಿಗದು. ಉರಣ್‌ನ ಸಮುದ್ರದಂಡೆಯ ಬಂಡೆಗಳಲ್ಲಿ ಏನು ಸಿಗುತ್ತದೋ ಅದು. ದೇವದಾಸನ ಟ್ರಕ್ಕು ಮಹಾಪೆಯಿಂದ ಉರಣ್‌ಗೆ ಪೈಪು ಸಾಗಿಸುತ್ತದೆ. ಅದರಲ್ಲಿ ಲೋಡಿಂಗ್ ಕೆಲಸದ ಸೈದಪ್ಪ— ರಾಯಚೂರಿನ ಕಡೆಯವನು, ದಿವಾದಲ್ಲಿ ಮನೆ— ಹತ್ತು ಕ್ಯಾನ್ ಸಮುದ್ರದ ನೀರನ್ನು ಹೆಗಲ ಮೇಲೆ ಹೊತ್ತು ಮೇಲೆ ತಂದಿದ್ದ. ಹತ್ತನ್ನೂ ನೇರ ಟ್ಯಾಂಕಿಗೇ ಸುರಿದಿದ್ದೆವು. ಇವತ್ತು ನಾನೂ ಹೋಗುತ್ತೇನೆ. ನಾಳೆ ಹುಣ್ಣಿಮೆ, ಇವತ್ತು ಸಂಜೆಯೇ ನೀರು ಬಹಳ ಹಿಂದೆ ಸರಿಯುತ್ತದಂತೆ.

4 ಜನವರಿ, ಬೆಳಿಗ್ಗೆ

ಮೈಕೈ ನೋವು. ಅಂಗಾಲಿನಲ್ಲಿ ಎರಡು ಗೀರು. ಎಷ್ಟು ಖುಷಿ ಎಂದರೆ, ಏಳನೇ ಕ್ಲಾಸಿನ ಪೇಪರ್ ತಿದ್ದದೆ ಹಾಗೇ ಉಳಿದಿದೆ.

ಸಮುದ್ರ ಹಿಂದೆ ಹೋದ ಮೇಲೆ ಬಂಡೆಗಳ ನಡುವೆ ಹೊಂಡ, ಹೊಂಡದೊಳಗೆ ಒಂದೊಂದು ಊರು. ಶಂಖದ ಮನೆ ಹೊತ್ತ ಏಡಿ. ಕಲ್ಲಿಗೆ ಕಚ್ಚಿದ ಹುಳ, ತಲೆಯಲ್ಲಿ ಬೀಸಣಿಗೆ. ಕೋಟಿನ ಗುಂಡಿಗಳಂತೆ ಒತ್ತೊತ್ತಾಗಿ ಕೂತ ಹಸಿರು ಜೀವಿಗಳು. ಸೀ ಅನಿಮೋನ್— ಕಂದು ಕಾಂಡ, ನೇರಳೆ ತುದಿಯ ಬೆರಳುಗಳು. ಪುಸ್ತಕದಲ್ಲಿ ಹದಿನೆಂಟು ವರ್ಷ ಪಾಠ ಮಾಡಿದ್ದನ್ನು ನಿನ್ನೆ ಮೊದಲು ಮುಟ್ಟಿದೆ.

ಸೈದಪ್ಪನೂ ಬಗ್ಗಿ ನೋಡಿದ. “ಅಕ್ಕಾರ, ಇದು ಹೂವೇನ್ರೀ, ಬಾಯೇನ್ರೀ?”

“ಬಾಯಿ. ಸುತ್ತ ಇರೋದು ಕೈ.”

ಒಂದು ಬೆರಳು ಚಾಚಿದ. ಅದು ಮುದುಡಿತು. ನಕ್ಕುಬಿಟ್ಟ. “ಮುಟ್ಟಿದರ ಮುನಿ ಐತ್ರೀ ಇದು! ನಮ್ಮ ಚಂದವ್ವನ ಗತೆ. ಸಂಬಳದ ದಿನಾ ಅಷ್ಟss ಅರಳತಾಳ.”

ಸಮುದ್ರ ಕಂಡು ಅವನಿಗೆ ಎರಡೇ ವರ್ಷ. “ನಮ್ಮ ಕೃಷ್ಣಾ ಹೊಳಿ ಒಂದss ಕಡೀಗೆ ಹೊಕ್ಕೈತಿ. ಇದು ಹೊಕ್ಕೈತಿ, ಮತ್ತ ಬರತೈತಿ. ದುಡಿಯಾಕ ಬಂದ ನಮ್ಮಂಗ.” ಕ್ಯಾನ್ ತುಂಬಲು ದಡದಲ್ಲಿ ನಿಲ್ಲಲಿಲ್ಲ, ಬಂಡೆ ದಾಟಿ ಹೋದ. ಯಾಕೆ ಎಂದರೆ, “ದಂಡೀ ನೀರಾಗ ಉಸುಕು ಇರತೈತ್ರೀ.”

ತಂದದ್ದು— ಕಲ್ಲು ಏಳು, ಅನಿಮೋನ್ ಮೂರು, ಏಡಿ ಆರು, ಬೆರಳುದ್ದದ ಮೀನು ಎರಡು, ಬಸವನಹುಳ ಎಣಿಸಿಲ್ಲ. ಎಲ್ಲಕ್ಕಿಂತ ದೊಡ್ಡ ಅನಿಮೋನ್‌ನ ಹೆಸರು ಮುನಿ. ಸೈದಪ್ಪ ಇಟ್ಟದ್ದೇ ಇರಲಿ.

16 ಜನವರಿ, ಶನಿವಾರ

ಎಲ್ಲ ಬದುಕಿವೆ! ಹನ್ನೆರಡು ದಿನ. ಮುನಿ ಸಿಗಡಿಯ ಚೂರು ತಿಂತು. ಹಿಡಿಯಿತು, ಮಡಚಿತು, ಗಂಟೆಯ ನಂತರ ಉಗುಳಿತು— ಸಿಪ್ಪೆ ಮಾತ್ರ.

ವಾರಕ್ಕೆ ಎರಡು ಕ್ಯಾನ್ ನೀರು ಬದಲಿಸಬೇಕು. ಸೈದಪ್ಪ ಇವತ್ತು ತಂದ. ಇನ್ನು ಪ್ರತಿ ಶನಿವಾರ, ಟ್ರಕ್ಕು ಕಲ್ಯಾಣಕ್ಕೆ ಹೋಗುವ ದಾರಿಯಲ್ಲಿ. 1.024. ಹೊಸ ನೀರು ನಾಲ್ಕು ದಿನ ಕತ್ತಲಲ್ಲಿ ತಂಗಬೇಕು ಎಂದು ಮ್ಯಾಗಜಿನ್. ಪ್ಲಾಸ್ಟಿಕ್ಕಿನಲ್ಲಿ ಅಷ್ಟು ದಿನ ಇಡಲು ಮನಸ್ಸಾಗಲಿಲ್ಲ. ಅಮ್ಮ ಉಡುಪಿಯಿಂದ ಕೊಟ್ಟು ಕಳಿಸಿದ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ಬೆಳಗಿದೆ. ಕನ್ನಡಿ! ಬಚ್ಚಲಿನಲ್ಲಿಟ್ಟು ತುಂಬಿಸಿ, ಮುಚ್ಚಿದೆ. ತಾಮ್ರದಲ್ಲಿ ನೀರು ಶುದ್ಧವಾಗುತ್ತದೆ— ಅಮ್ಮನ ಮಾತು.

19 ಜನವರಿ

ಮಧ್ಯಾಹ್ನ ಮೂರರಿಂದ ಐದೂವರೆ ಕರೆಂಟ್ ಇಲ್ಲ. ಪಂಪ್ ನಿಂತರೆ ನೀರಿಗೆ ಗಾಳಿಯಿಲ್ಲ. ನಾನು ಸೌಟಿನಿಂದ ಕಲಕುತ್ತಿದ್ದೆ. ಇವರು ಹೋಟೆಲಿನಿಂದ ಮಧ್ಯಾಹ್ನದ ನಿದ್ರೆಗೆ ಬಂದವರು, ಬಾಗಿಲಲ್ಲೇ ನಿಂತರು.

“ಇದೆಂತ ಮಾರಾಯ್ತಿ, ಸಾಂಬಾರಾ?”

ವಿಷಯ ಹೇಳಿದೆ. ಅಂಗಿ ಕಳಚಿದರು. ಎರಡು ಚೊಂಬು ತಂದು, ಟ್ಯಾಂಕಿನ ನೀರನ್ನು ಕಾಫಿ ಆರಿಸುವ ಹಾಗೆ ಎತ್ತಿ ಎತ್ತಿ ಸುರಿದರು. ನೊರೆ ಬಂತು! ಇಪ್ಪತ್ತು ವರ್ಷದ ಕೈ. “ಈ ಮುರಾರಿ ಹೊಯ್ದ ಕಾಫಿ ಕುಡಿದು ಸತ್ತವರಿಲ್ಲ, ಜಲಜಾ. ನಿನ್ನ ಮೀನೂ ಸಾಯುವುದಿಲ್ಲ.” ಎರಡೂವರೆ ಗಂಟೆ ಸರದಿಯಲ್ಲಿ ಹೊಯ್ದೆವು. ಇಷ್ಟು ಹೊತ್ತು ಒಟ್ಟಿಗೆ ಕೂತು ಎಷ್ಟು ಕಾಲವಾಗಿತ್ತು... ನಾಳೆ ಹಂಡೆಯ ನೀರು ಹಾಕುವುದು.

22 ಜನವರಿ

ಬಸವನಹುಳಗಳು ಗಾಜಿನಿಂದ ಉದುರಿವೆ. ಒಂಬತ್ತು. ಬೀಸಣಿಗೆ ಹುಳ ಹೊರಗೆ ಬರುತ್ತಿಲ್ಲ. ಮೀನು ಎರಡೂ ಚುರುಕು.

24 ಜನವರಿ

ಏಡಿ ಎರಡು ಹೋದವು. ಶಂಖ ಬಿಟ್ಟು ಬೆತ್ತಲೆ ಹೊರಗೆ ಬಂದು ಸತ್ತಿವೆ. ಏನಾದರೂ ಕೆಟ್ಟರೆ ಮೊದಲು ನೀರು ಬದಲಿಸಿ ಎಂದು ಮ್ಯಾಗಜಿನ್. ನಿನ್ನೆಯ ನೀರು ಹಂಡೆಯಲ್ಲಿತ್ತು, ತೂಕ 1.024. ತಂಗಲು ಬಿಡದೆ ಇವತ್ತೇ ಹಾಕಿದೆ.

27 ಜನವರಿ

ಹಸಿರು ಗುಂಡಿಗಳು ಲೋಳೆಯಾಗಿವೆ. ಅನಿಮೋನ್ ಒಂದು ಬುಡ ಬಿಟ್ಟು ತೇಲಿತು. ಶನಿವಾರದವರೆಗೆ ಕಾಯದೆ ದೇವದಾಸನಿಗೆ ಶಾಲೆಯಿಂದ ಫೋನ್ ಮಾಡಿ ಇನ್ನೆರಡು ಕ್ಯಾನ್ ತರಿಸಿದೆ. ಹಂಡೆಗೆ, ಹಂಡೆಯಿಂದ ಟ್ಯಾಂಕಿಗೆ.

30 ಜನವರಿ

ಏಡಿ ಒಂದೂ ಇಲ್ಲ. ಎರಡನೇ ಅನಿಮೋನ್ ಕೂಡ ಹೋಯಿತು. ಮುನಿ ಮುಷ್ಟಿಯಾಗಿ ಕೂತಿದೆ, ಅಡಿಕೆಯಷ್ಟು. ಮೀನು ಎರಡೂ ಆರಾಮ. ಯಾಕೆ? ಮೂಳೆಯಿದ್ದದ್ದು ಬದುಕಿ, ಮೂಳೆಯಿಲ್ಲದ್ದು ಮಾತ್ರ ಸಾಯುವುದು ಯಾಕೆ? ಇವತ್ತಿನ ಎರಡು ಕ್ಯಾನ್ ಹಾಕಲು ಧೈರ್ಯವಾಗಲಿಲ್ಲ; ಹಾಗೇ ಹಿಂದೆ ಕಳಿಸಿದೆ. ಸೈದಪ್ಪ ಬಾಗಿಲಲ್ಲಿ ನಿಂತು ಇಣುಕಿದ. “ಮುನಿ ಹೆಂಗೈತ್ರೀ?”

31 ಜನವರಿ, ಭಾನುವಾರ

ದೇವದಾಸ ಊಟಕ್ಕೆ ಬಂದಿದ್ದ. “ಅಕ್ಕ, ನಿನ್ನ ಸಮುದ್ರ ಸತ್ತದ್ದೆಂತ?” ಎಂದು ನಕ್ಕ.

ಅವನು ನಗುವುದು ನನಗೆ ಬೇಡವಾಗಿತ್ತು. ಅಥವಾ ನನಗೆ ಒಂದು ಉತ್ತರ ಬೇಕಾಗಿತ್ತು. “ನೀರೇ ಸರಿಯಿಲ್ಲ. ಉರಣ್‌ವರೆಗೆ ಯಾರು ಹೊರುತ್ತಾರೆ? ವಾಶಿಯ ಹತ್ತಿರ ಖಾಡಿಯಲ್ಲೇ, ಆ ಅಳಿವೆಯ ಕೊಚ್ಚೆಯಲ್ಲೇ ತುಂಬಿಸಿರಬೇಕು,” ಎಂದೆ. ಅಷ್ಟೇ. ಸಾರು ಬಡಿಸುತ್ತ ಅಂದ ಮಾತು.

ಅವನು ನಗು ನಿಲ್ಲಿಸಿದ. “ನೀರಲ್ಲಿ ಸುಳ್ಳು ಹೇಳುವವ ನಾಳೆ ಮಾಲಿನಲ್ಲೂ ಹೇಳ್ತಾನೆ.”

“ಇರಬಹುದು, ಗೊತ್ತಿಲ್ಲ,” ಎಂದೆ. ‘ಗೊತ್ತಿಲ್ಲ’ ಎಂದದ್ದು ಅವನಿಗೆ ಕೇಳಿಸಿತೋ ಇಲ್ಲವೋ.

7 ಫೆಬ್ರವರಿ

ದೇವದಾಸ ಸೈದಪ್ಪನನ್ನು ಕೆಲಸದಿಂದ ತೆಗೆದನಂತೆ. ಸೋಮವಾರವೇ. ಇವರು ಹೇಳಿದರು. ಟ್ಯಾಂಕಿನ ದೀಪ ಹಾಕಲಿಲ್ಲ.

14 ಫೆಬ್ರವರಿ, ಭಾನುವಾರ

ಬೆಳಿಗ್ಗೆ ಹತ್ತಕ್ಕೆ ಚಂದವ್ವ ಬಂದಳು, ಸೈದಪ್ಪನ ಹೆಂಡತಿ. ಮೊದಲ ಸಲ ನೋಡಿದ್ದು. ತಲೆಯ ಮೇಲೊಂದು ಕ್ಯಾನ್, ಕೈಯಲ್ಲೊಂದು. ದಿವಾದಿಂದ ಲೋಕಲ್ ರೈಲಿನಲ್ಲಿ, ಆ ಜನದ ಗರ್ದಿಯಲ್ಲಿ.

“ನಿಮ್ಮ ಕ್ಯಾನ್ ತಂದೀನ್ರೀ ಅಕ್ಕಾರ. ಇದರಾಗಿಂದು ಸೋರಿ ಖಾಲಿ ಆಗೈತಿ. ಇದು ತುಂಬೈತಿ, ಕಡೀ ಸಲದ್ದು. ನೀವು ತಿರುಗಿ ಕಳಿಸಿದ್ರಂತಲ್ಲ, ಅದು. ಚೆಲ್ಲಬ್ಯಾಡ, ಅವರ ನೀರು ಅವರಿಗೇ ಮುಟ್ಟಸು ಅಂದ.”

ಅವನೆಲ್ಲಿ ಎಂದೆ.

“ಊರಿಗೆ ಹ್ವಾದ್ರೀ. ನಾ ನಾಳೆ ಹೊಂಟೀನಿ. ಶಹಾಡ್ ಮಟಾ ಹೋಗಿ ಕೆಲಸ ಕೇಳ್ಕೊಂಡು ಬಂದ. ಹಳೇ ಸೇಠ್ ಯಾಕ ಬಿಡಿಸಿದ ಅಂತಾರ. ಏನಂತ ಹೇಳೋದ್ರೀ? ಸಮುದ್ರದ ನೀರು ಕದ್ದೆ ಅಂತನಾ? ನಗತಾರ.” ಅವಳೂ ನಕ್ಕಳು. ನಾನು ಗೋಡೆ ನೋಡಿದೆ.

ಕ್ಯಾನ್ ಇಡಲು ಬಚ್ಚಲಿಗೆ ಹೋದವಳು ಅಲ್ಲಿಂದಲೇ ಕೂಗಿದಳು. “ಅಯ್ಯ, ಹಂಡೇಕ ಕಿಲುಬು ಹತ್ತೇತಲ್ರೀ! ಉಪ್ಪಿನ ನೀರು ಇಟ್ಟಿದ್ರೇನು? ನಮ್ಮವ್ವ ತಾಂಬ್ರದಾಗ ಮಜ್ಜಗಿ ಸುದ್ದಾ ಇಡಗೊಡತಿದ್ದಿಲ್ಲ. ಇಸಾ ಆಕ್ಕೈತಿ ಅಂತಿದ್ಲು.”

ಹೋಗಿ ನೋಡಿದೆ. ನೀರು ನಿಂತ ಮಟ್ಟದಲ್ಲಿ, ಹಂಡೆಯ ಒಳಗೆ ಸುತ್ತಲೂ ಹಸಿರು ಪಟ್ಟಿ.

ನಮ್ಮ ಮನೆಯಲ್ಲೂ ಕಲಾಯಿ ಹಾಕದ ಪಾತ್ರೆಯಲ್ಲಿ ಹುಳಿ ಇಡುವುದಿಲ್ಲ. ಹತ್ತು ವರ್ಷದ ಹುಡುಗಿಗೂ ಗೊತ್ತು. ಉಪ್ಪುನೀರೂ ತಾಮ್ರವನ್ನು ಕರಗಿಸುತ್ತದೆ ಎಂದು ನಾನು ಬೋರ್ಡಿನ ಮೇಲೆ ಬರೆದು ಪಾಠ ಮಾಡಿದ್ದೇನೆ. ಕರಗಿದ ತಾಮ್ರ ಮೀನಿಗಿಂತ ಮೊದಲು ಮೂಳೆಯಿಲ್ಲದ್ದನ್ನೇ ಕೊಲ್ಲುತ್ತದೆ.

ಚಂದವ್ವನಿಗೆ ನಾನು ಹೇಳಿದ್ದು ಇಷ್ಟು: “ಚಹಾ ಕುಡಿದು ಹೋಗು.”

ಹೋಗುವಾಗ ಊರಿನ ವಿಳಾಸ ಕೇಳಿದೆ. “ಸಾಲಿ ಮಾಸ್ತರ ಹೆಸರಿಗೆ ಬರೀರಿ. ಗುಡಿ ಕಟ್ಟೀ ಮ್ಯಾಲ ಕುಂತು ಎಲ್ಲಾರ ಕಾಗದಾನೂ ಓದಿ ಹೇಳತಾರ,” ಎಂದಳು.

15 ಫೆಬ್ರವರಿ, ಬೆಳಿಗ್ಗೆ 5.50

ಈ ಡೈರಿ ತಿರುಗಿಸಿ ನೋಡಿದೆ. 3ರಂದು 1.024. 16ರಂದು 1.024. 24ರಂದು 1.024. ಹೊಳೆನೀರು ಬೆರೆತ ಖಾಡಿಯ ನೀರು ಅಷ್ಟು ತೂಕ ಬರುವುದಿಲ್ಲ. ಅವನು ಪ್ರತಿ ಸಲವೂ ಉರಣ್‌ಗೇ ಹೋಗಿದ್ದ. ಸಾಕ್ಷಿ ನನ್ನದೇ ಅಕ್ಷರದಲ್ಲಿತ್ತು— 31ರಂದು ಸಾರು ಬಡಿಸುವಾಗಲೂ ಇತ್ತು.

ಆದರೂ ಖಚಿತವಾಗಬೇಕು. ಹಾರ್ಲಿಕ್ಸ್ ಬಾಟಲಿ ತೊಳೆದು, ಕೊನೆಯ ಕ್ಯಾನಿನ ನೀರು ತುಂಬಿ, ಮುನಿಯನ್ನು ಅದರ ಚೂರು ಕಲ್ಲಿನ ಸಮೇತ ಅದರಲ್ಲಿಟ್ಟೆ. ಗಾಳಿಯ ಕೊಳವೆಯನ್ನೂ ಅಲ್ಲಿಗೇ ಎಳೆದೆ. ನಿಜಕ್ಕೂ ಪರೀಕ್ಷೆಗೋ, ಇನ್ನಷ್ಟು ದಿನ ಸುಮ್ಮನಿರುವುದಕ್ಕೋ?

17 ಫೆಬ್ರವರಿ

ಮುಷ್ಟಿ. ಆದರೆ ಲೋಳೆ ಕಳಚಿದೆ.

19 ಫೆಬ್ರವರಿ, ಸಂಜೆ 6.30

ಅರಳಿದೆ. ಪೂರ್ತಿಯಲ್ಲ. ನೇರಳೆ ತುದಿಗಳು, ಹನ್ನೊಂದು ಎಣಿಸಿದೆ. ಬೆರಳು ಚಾಚಬೇಕು ಅನಿಸಿತು, ಚಾಚಲಿಲ್ಲ. ಇವರನ್ನು ಕರೆದು ತೋರಿಸಿ, ಹಂಡೆಯದ್ದನ್ನೂ ಹೇಳಿದೆ. “ಹೋಟೆಲಿನಲ್ಲಿ ಚಟ್ನಿ ಹಳಸಿದರೆ ನಾನು ಮೊದಲು ಬೈಯುವುದೂ ರುಬ್ಬುವವನನ್ನೇ,” ಎಂದರು.

21 ಫೆಬ್ರವರಿ, ಭಾನುವಾರ

ವಾಶಿಗೆ, ದೇವದಾಸನ ಮನೆಗೆ ನಾನೇ ಹೋದೆ. ಹೇಳಿದೆ.

“ನೀನು ಹೇಳಿದ್ದಕ್ಕೆ ತೆಗೆದದ್ದಲ್ಲ ಅಕ್ಕ.”

“ನಾನು ಹೇಳಿದ್ದಕ್ಕೇ.”

“ಆಯ್ತು. ಮಾರ್ಚ್ ಐದಕ್ಕೆ ಎರಡನೇ ಟ್ರಕ್ಕು ಬರ್ತದೆ. ಅಷ್ಟರಲ್ಲಿ ಬಂದರೆ ಅವನ ಜಾಗ ಅವನಿಗೆ. ಆಮೇಲೆ ನಾನು ಕಾಯಲಿಕ್ಕಾಗುವುದಿಲ್ಲ.” ಗೇಟಿನವರೆಗೆ ಬಂದು ಮೆಲ್ಲಗೆ ಅಂದ, “ಕೆಲಸ ಉಂಟು ಬಾ ಅಂತ ಬರಿ, ಸಾಕು. ಹಂಡೆ ಗಿಂಡೆ ಎಲ್ಲ ಎಂತಕ್ಕೆ? ಟೀಚರ್ ನೀನು.”

22 ಫೆಬ್ರವರಿ

ಬರೆದೆ. ಕೆಲಸ ಇದೆ, ಐದರೊಳಗೆ ಬಾ, ಚಂದವ್ವನಿಗೆ ಕೇಳಿದೆನೆಂದು ಹೇಳು. ಆರು ಸಾಲು. ಅಚ್ಚುಕಟ್ಟು. ಹಂಡೆ ಇಲ್ಲ.

23 ಫೆಬ್ರವರಿ

ಪೋಸ್ಟ್ ಡಬ್ಬಿಯ ಮುಂದೆ ಎರಡು ಸಲ ಹೋದೆ. ಬ್ಯಾಗಿನಲ್ಲೇ ಉಳಿಯಿತು. ಅದನ್ನು ಓದಿದರೆ ಅನಿಸುವುದೇನು? ಕದ್ದವನನ್ನು ಕ್ಷಮಿಸಿ ಕರೆದಿದ್ದಾರೆ, ದೊಡ್ಡ ಮನಸ್ಸು. ಗುಡಿಯ ಕಟ್ಟೆಯ ಮೇಲೆ ಊರೆಲ್ಲ ಕೇಳುವುದು ಅದನ್ನೇ.

24 ಫೆಬ್ರವರಿ, ಬುಧವಾರ, ಸಂಜೆ 7

ಮತ್ತೆ ಬರೆದೆ. ಮಾಸ್ತರರು ಗಟ್ಟಿಯಾಗಿ ಓದಲು ಸುಲಭವಾಗುವಂತೆ ದೊಡ್ಡ ಅಕ್ಷರದಲ್ಲಿ. ಸೈದಪ್ಪ ತಂದ ನೀರು ಪ್ರತಿ ಸಲವೂ ಉರಣ್‌ನದು, ಪ್ರತಿ ಸಲವೂ ಒಳ್ಳೆಯದು. ಕೆಡಿಸಿದವಳು ನಾನು, ತಾಮ್ರದ ಹಂಡೆಯಲ್ಲಿಟ್ಟು. ಸುಳ್ಳು ಹೇಳಿದವಳೂ ನಾನು. ಕಂಡುಹಿಡಿದವಳು ನಿನ್ನ ಹೆಂಡತಿ; ಅವತ್ತೇ ಅವಳೆದುರು ಒಪ್ಪಿಕೊಳ್ಳಬೇಕಿತ್ತು, ಚಹಾ ಕೊಟ್ಟು ಕಳಿಸಿದೆ. ಕೆಲಸ ಕಾದಿದೆ. ಬರುವುದು ಬಿಡುವುದು ನಿನ್ನ ಇಷ್ಟ. ಮುನಿ ಬದುಕಿದೆ.

ಕಟ್ಟೆಯ ಮೇಲಿನವರು ನಗಬಹುದು. ನಗಲಿ. ಕಾಗದ ತಲುಪಲು ನಾಲ್ಕು ದಿನ, ಅವನು ಬರಲು ಎರಡು. ಬಾಟಲಿಯ ನೀರೂ ಹೆಚ್ಚು ದಿನ ಬಾರದು. ಕ್ಯಾನಿನಲ್ಲಿ ಇನ್ನು ಅರ್ಧ ಇದೆ.

ಅವನು ಬರದಿದ್ದರೆ ಖಾಲಿ ಕ್ಯಾನ್ ಹಿಡಿದು ನಾನೇ ಬಂಡೆ ದಾಟಿ... ಇರಲಿ, ಅದು ಆಮೇಲೆ.

ಲಕೋಟೆಗೆ ಅಂಟು ಹಚ್ಚಿದೆ. ಮತ್ತೆ ತೆರೆದು ಮೆದು ಮಾಡಲು ಬಾರದಂತೆ ಎರಡು ಸಲ. ನಾಳೆ, ಗುರುವಾರ, 25 ಫೆಬ್ರವರಿ, ಶಾಲೆಯ ಗಂಟೆಗೆ ಮುಂಚೆ—