ಅಟ್ಟಣೆಯ ಕೆಳಗೆ ಸ್ಪೇನಿನ ಒಂದು ಪದ

ಲೊಕ್ಕನಹಳ್ಳಿ, ಬುಧವಾರ

ಮಾಲಿನಿಯ ತಾಯಿಗೆ,

ಕ್ಷೇಮವಾಗಿ ತಲುಪಿದೆ. ಫೋನಿನಲ್ಲಿ ಹೇಳುವ ಮಾತಲ್ಲವೆಂದು ಈ ಕಾರ್ಡು ಬರೆಯುತ್ತಿದ್ದೇನೆ. ಮಗಳು ಬಿದ್ದ ಅಟ್ಟಣೆಯನ್ನು ಕಂಡೆ. ಬೆಳೆಗೆ ನುಗ್ಗುವ ಆನೆಗಳನ್ನು ಕಾಯಲು ಮರದ ಮೇಲೆ ಕಟ್ಟಿದ್ದಾರೆ. ಕಾಡುಹಂದಿ ಬೆದರಲೆಂದು ಹೊಲದ ಸುತ್ತ ಬಣ್ಣಬಣ್ಣದ ಹಳೆಯ ಸೀರೆಗಳನ್ನು ಬಿಗಿದಿರುವುದರಿಂದ ಆ ಜಾಗ ಮದುವೆಯ ಚಪ್ಪರದಂತೆ ತೋರುತ್ತದೆ.

ತಾನು ಸಾಯುತ್ತಿರುವುದು ಅವಳಿಗೆ ತಿಳಿದಿತ್ತೇ ಎಂಬ ನಿನ್ನ ಪ್ರಶ್ನೆಯನ್ನು, ಅವಳೊಡನೆ ಆನೆಗಳ ಅಧ್ಯಯನ ಮಾಡುತ್ತಿದ್ದ ಸ್ಪೇನಿನ ಎಲೆನಾಳಿಗೆ ಕೇಳಿದೆ. "ಕೊನ್ಸಿಯೆಂತೆ" ಎಂದಳು. ಅವರ ಭಾಷೆಯಲ್ಲಿ ಎಚ್ಚರವಿದ್ದವರಿಗೂ ಅದೇ ಪದ, ತನಗಾಗುತ್ತಿರುವುದನ್ನು ಅರಿತವರಿಗೂ ಅದೇ ಪದವಂತೆ. ಜೊತೆಗಿನ ಕ್ರಿಯಾಪದ ಮಾತ್ರ ಬೇರೆ. "ಮಾಲಿನಿ ಇವೆರಡರಲ್ಲಿ ಯಾವುದು?" ಎಂದು ಗದರಿದೆ. "ಎಚ್ಚರವಿದ್ದುದನ್ನು ಕಂಡೆ, ಅರಿವು ನನಗೆ ಹೇಗೆ ಕಾಣಬೇಕು?" ಎಂದು ಎಲೆನಾ ಅತ್ತುಬಿಟ್ಟಳು.

ಆಗ ಹೊಲದೊಡತಿ ಚಿಕ್ಕಬಸಮ್ಮ ಅಡ್ಡ ಬಂದಳು: "ಆವಮ್ಮನ್ನ ಯಾಕ್ ಸಾ ಅಳುಸ್ತೀರಿ? ನಿಮ್ ಕೂಸು ನನ್ ತೊಡೆ ಮ್ಯಾಲೆ ತಲೆ ಮಡಗಿತ್ತು. 'ಅಟ್ಟಣೆ ಮ್ಯಾಲೆ ಅತ್ತಿದ್ದನ್ನ ನಮ್ಮಪ್ಪಂಗೆ ಯೋಳ್ಬೇಡಿ, ಬಯ್ತಾರೆ' ಅಂತು."

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಯಾವ ಪಕ್ಷವನ್ನಾದರೂ ಗೆಲ್ಲಿಸುತ್ತಿದ್ದ ನಾನು ಈಗ ಅವಳ ಆ ಒಂದೇ ಮಾತನ್ನು ತಿರುಗಿಸಿ ನೋಡುತ್ತಿದ್ದೇನೆ. ಬೈಗುಳಕ್ಕೆ ಅಂಜಿದವಳು ಮನೆಗೆ ಮರಳುವೆನೆಂದೇ ನಂಬಿದ್ದಳಲ್ಲವೇ? ಇದು ತರ್ಕವೋ, ನನ್ನ ಆಸೆಯೋ, ನೀನೇ ತೀರ್ಮಾನಿಸು.

ರಕ್ತದೊತ್ತಡದ ಮಾತ್ರೆ ತಪ್ಪಿಸಿಲ್ಲ. ಮುಂದಿನ ವಾರ ಅಗರದ ಮನೆಗೆ ಬರುತ್ತೇನೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ಅವಳು ಮರಳಿದ್ದರೆ ನಾನು ಬಯ್ಯುತ್ತಿದ್ದೆನೆಂಬುದೊಂದೇ ನಿಶ್ಚಯ.

ಮಾಲಿನಿಯ ತಂದೆ